ಕುದಿಸಿ ಆರಿಸಿದ ನೀರು

ಏಳನೇ ಸಲದ ಬಿಯರೂ ಕೆಟ್ಟಿತು. ಕೆಟ್ಟಿತು ಅಂದರೆ ಹುಳಿತು ನಾತ ಹೊಡೆಯಿತು ಅಂತಲ್ಲ. ನೋಡುವುದಕ್ಕೇನೋ ಲಕ್ಷಣವಾಗಿಯೇ ಇತ್ತು: ಹೊಂಬಣ್ಣ, ಮೇಲೆ ಎರಡು ಬೆರಳು ದಪ್ಪದ ನೊರೆ. ಬಾಯಿಗೆ ಹಾಕಿದರೆ ಮಾತ್ರ ಕಹಿ ಹೋಗಿ ನಾಲಗೆಯ ಬುಡದಲ್ಲಿ ಕೂತು, ಏಳುವುದಿಲ್ಲ ಎಂದು ಹಟ ಹಿಡಿಯುತ್ತಿತ್ತು. ಯಾದವ ಮುಖ ಹಿಂಡಿಕೊಂಡು ಲೋಟವನ್ನು ಸಿಂಕಿಗೆ ಬಗ್ಗಿಸಿದ, ಹಿಂದೆಯೇ ಬಾಟಲಿಯನ್ನೂ ಬಗ್ಗಿಸಿದ. ಜುಲೈ ತಿಂಗಳ ಕೊನೆಯ ಶನಿವಾರ. ಮ್ಯೂನಿಕ್‌ಗೆ ಮ್ಯೂನಿಕ್ಕೇ ಬಿಸಿಲು ಕಾಯಿಸಿಕೊಳ್ಳಲು ನದಿಯ ದಂಡೆಗೆ ಹೋಗಿತ್ತು. ಇವನೊಬ್ಬ ಅಡುಗೆಮನೆಯಲ್ಲಿ ನಿಂತಿದ್ದ.

ಮೂಲೆಮೂಲೆಯಲ್ಲೂ ಒಳ್ಳೆಯ ಬಿಯರ್ ಸಿಗುವ ಊರಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತೇನೆಂದು ಹೊರಡುವವನಿಗೆ ತಲೆ ಸ್ವಲ್ಪ ಸಡಿಲವಿರಬೇಕು, ಇಲ್ಲವೇ ಮನಸ್ಸಿನಲ್ಲಿ ಬೇರೆ ಏನೋ ಇರಬೇಕು. ಯಾದವನ ಮನಸ್ಸಿನಲ್ಲಿದ್ದದ್ದು ರೆಬೆಕಾ. ಅವನ ಹೆಂಡತಿ. ಅವನು ಕಾಪುವಿನವನು, ಮನೆಮಾತು ತುಳು. ಅವಳು ಮಂಗಳೂರಿನ ಕುಲಶೇಖರದವಳು, ಮನೆಮಾತು ಕೊಂಕಣಿ. ಇಬ್ಬರಿಗೂ ಸಲ್ಲುವ ಮಾತೆಂದು ಕನ್ನಡದಲ್ಲೇ ಪ್ರೀತಿ ಮಾಡಿದರು, ಕನ್ನಡದಲ್ಲೇ ಜಗಳವಾಡಿದರು. ಅವಳು ಹೋದಮೇಲೆ ಆ ಮನೆಯಲ್ಲಿ ಕನ್ನಡ ಕೇಳಿಸುವುದೇ ನಿಂತುಹೋಯಿತು.

ನಾಲ್ಕು ವರ್ಷದ ಹಿಂದೆ ಅವನು ಮೊದಲ ಬಿಯರ್ ಮಾಡಿದಾಗ, ಬಾಟಲಿಯ ಮುಚ್ಚಳ ತೆಗೆದದ್ದೇ ರೆಬೆಕಾ ಮೂಗು ಹತ್ತಿರ ತಂದು, "ಅಯ್ಯೋ ಯಾದವ, ಚಕ್ಕೋತದ ಸಿಪ್ಪೆ ಸುಲಿದ ಹಾಗೆ ಉಂಟಲ್ಲ ಮಾರಾಯ!" ಅಂದಿದ್ದಳು. ಹಾಪ್ಸ್ ಎಂಬ ಹೂವನ್ನು ಧಾರಾಳವಾಗಿ ಹಾಕಿದ ಬಿಯರಿನ ಗುಣವೇ ಅದು. ಕಹಿ ಬರುತ್ತದೆ, ಕಹಿಯ ಜೊತೆಗೆ ಹಣ್ಣಿನ ಪರಿಮಳವೂ ಬರುತ್ತದೆ. ಕಹಿ ನಾಲಗೆಯನ್ನು ಮುಟ್ಟಿ ಮಾತಾಡಿಸಿ ಹೊರಟುಹೋಗಬೇಕು, ಆಗ ಪರಿಮಳ ಉಳಿಯುತ್ತದೆ. ಅವಳಿದ್ದಾಗ ಮಾಡಿದ ಐದು ಸಲವೂ ಹಾಗೇ ಬಂದಿತ್ತು. ಆಮೇಲಿನ ಏಳು ಸಲ ಒಂದೂ ಬರಲಿಲ್ಲ.

ಹದಿನಾರು ತಿಂಗಳ ಹಿಂದೆ ರೆಬೆಕಾ ಕಾರ್ಲ್ಸ್‌ರುಹೆಯ ವಿಶ್ವವಿದ್ಯಾಲಯದಲ್ಲಿ ಕೆಲಸ ಹಿಡಿದಳು. ಆರು ತಿಂಗಳು ಅಂದಿದ್ದಳು. ಆರು ಹತ್ತಾಯಿತು, ಹತ್ತು ಹದಿನಾರಾಯಿತು. ರೈಲಿನಲ್ಲಿ ಮೂರು ಗಂಟೆಯ ದಾರಿ. ಅವಳು ನಾಲ್ಕು ಸಲ ಬಂದು ಹೋದಳು. ಇವನು ಒಂದು ಸಲವೂ ಹೋಗಲಿಲ್ಲ. ಹೋದರೆ ಅವಳು ಅಲ್ಲಿರುವುದನ್ನು ಒಪ್ಪಿಕೊಂಡ ಹಾಗಾಗುತ್ತದೆ ಎಂಬುದು ಈ ಬುದ್ಧಿವಂತನ ಲೆಕ್ಕ. ಯಾಕೆ ಹೋದಳು ಎಂದು ಕೇಳಿದವರಿಗೆ ಕೆಲಸಕ್ಕೆ ಎನ್ನುತ್ತಿದ್ದ. ತನಗೆ ತಾನೇ ಕೇಳಿಕೊಂಡಾಗ ಉತ್ತರ ಹೊಳೆಯುತ್ತಿರಲಿಲ್ಲ. ದೊಡ್ಡ ಜಗಳವೇನೂ ಆಗಿರಲಿಲ್ಲ. ಹೊರಡುವಾಗ ಅವಳು ತನ್ನ ಎರಡು ದೊಡ್ಡ ಸ್ಟೀಲ್ ಪಾತ್ರೆಗಳನ್ನು ಅಲ್ಮೇರದ ಮೇಲೆಯೇ ಬಿಟ್ಟು ಹೋಗಿದ್ದಳು. ಬಿಟ್ಟು ಹೋಗಬೇಕೆಂದಿರುವ ಹೆಂಗಸು ಊರಿಂದ ಹೊತ್ತು ತಂದ ಪಾತ್ರೆ ಬಿಟ್ಟು ಹೋಗುತ್ತಾಳೆಯೇ? ದಿನಕ್ಕೊಂದು ಸಲ ಅವನ್ನು ನೋಡಿ ಯಾದವ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಈಗ ಆ ಸಮಾಧಾನಕ್ಕೂ ಗಡುವು ಬಿದ್ದಿತ್ತು. ಹಿಂದಿನ ವಾರ ರೆಬೆಕಾ ಫೋನಿನಲ್ಲಿ, "ಇವರು ಪರ್ಮನೆಂಟ್ ಮಾಡ್ತೇವೆ ಅಂತಾರೆ. ಸೆಪ್ಟೆಂಬರಲ್ಲಿ ಫೆರ್ಟ್ರಾಗ್‌ಗೆ, ಅದೇ ಕಾಂಟ್ರಾಕ್ಟಿಗೆ, ಸೈನ್ ಹಾಕ್ಬೇಕು. ಮೊಂತಿ ಹಬ್ಬದ ಊಟಕ್ಕೆ ಮ್ಯೂನಿಕ್‌ಗೆ ಬರ್ತೇನಲ್ಲ, ಆಗ ಮನೆಗೂ ಬರ್ತೇನೆ. ಕೂತು ಮಾತಾಡುವ," ಅಂದಿದ್ದಳು. ಮೊಂತಿ ಹಬ್ಬ ಎಂದರೆ ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ಅಕ್ಕಿಯ ಊಟ. ಮ್ಯೂನಿಕ್‌ನ ಮಂಗಳೂರಿನವರು ಸೆಪ್ಟೆಂಬರಿನ ಮೊದಲ ಭಾನುವಾರ ಒಂದು ಚರ್ಚಿನ ಹಾಲ್‌ನಲ್ಲಿ ಸೇರಿ ಅದನ್ನು ಮಾಡುತ್ತಿದ್ದರು. ಅಲ್ಲಿಗೆ ಆರೇ ವಾರ. ಬಿಯರ್ ಒಂದು ಹದಕ್ಕೆ ಬರಲು ಬೇಕಾಗುವುದೇ ಐದು ವಾರ.

ಮಾತಿನಲ್ಲಿ ಯಾದವ ಎಂದೂ ಗೆದ್ದವನಲ್ಲ. ಕಾರುಗಳ ಬ್ರೇಕ್ ಪರೀಕ್ಷೆ ಮಾಡುವ ಎಂಜಿನಿಯರ್, ಅಂಕಿಸಂಖ್ಯೆ ಇಲ್ಲದೆ ಅವನಿಗೆ ಮಾತು ಹೊರಡುವುದಿಲ್ಲ. ಇರು, ಹೋಗಬೇಡ ಎನ್ನುವುದನ್ನು ಅಂಕಿಯಲ್ಲಿ ಹೇಳಲು ಬರುವುದಿಲ್ಲವಲ್ಲ. ಆ ಮೊದಲಿನ ಬಿಯರ್ ಮತ್ತೆ ಬಂದರೆ, ಅದನ್ನು ಅವಳ ಮುಂದಿಟ್ಟರೆ, ಅವಳ ಬಾಯಿಂದ ಆ ಚಕ್ಕೋತದ ಮಾತು ಹೊರಟರೆ, ಮುಂದಿನದು ತಾನಾಗಿ ಆಗುತ್ತದೆ ಎಂದು ನಂಬಿ ಕೂತಿದ್ದ. ನಗಬೇಡಿ, ಇದಕ್ಕಿಂತ ಸಣ್ಣ ಆಸೆ ನೆಚ್ಚಿಕೊಂಡು ಜನ ಬದುಕಿದ್ದಾರೆ.

ಅವನು ಸುಮ್ಮನೆ ಕೂತವನೂ ಅಲ್ಲ. ಹೀಗೆ ಮನೆಯಲ್ಲಿ ಬಿಯರ್ ಮಾಡುವವರು ಇಂಟರ್ನೆಟ್ಟಿನಲ್ಲಿ ಸೇರಿ ಹರಟುವ ಜಾಗದಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: ನಿನ್ನ ನೀರು ನೋಡಿಕೋ. ಹಾಪ್ಸ್ ಬಿಯರಿಗೆ ಜಿಪ್ಸಮ್ ಒಳ್ಳೆಯದು ಎಂದರು. ಹಾಕಿದ. ಕಹಿ ಇನ್ನೂ ಒರಟಾಯಿತು. ಲ್ಯಾಕ್ಟಿಕ್ ಆಸಿಡ್ ಎಂದರು. ಹಾಕಿದ. ಕೈ ಹೆಚ್ಚಾಗಿ ಮಜ್ಜಿಗೆಯ ಹುಳಿ ಬಂತು. ಸುಣ್ಣವಿಲ್ಲದ ನೀರನ್ನು ಅಂಗಡಿಯಿಂದ ಕೊಂಡು ತಾ ಎಂದಾಗ ಮಾತ್ರ ಕೇಳಲಿಲ್ಲ. ಅವನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಮೊದಲ ಬಿಯರಿನ ಪುಟದಲ್ಲಿ ಮಾಲ್ಟ್ ಎಂಬ ಮೊಳಕೆ ಬರಿಸಿದ ಬಾರ್ಲಿ ಎಷ್ಟು, ಹಾಪ್ಸ್ ಎಷ್ಟು, ಯಾವ ಗಂಟೆಗೆ ಎಷ್ಟು ಬಿಸಿ ಎಂದೆಲ್ಲ ಬರೆದು, ಕೆಳಗೆ "ನೀರು: ನಲ್ಲಿಯದು, ಹದಿನಾಲ್ಕು ಲೀಟರ್" ಎಂದಿತ್ತು. ಅವನದೇ ಅಕ್ಷರ. ನಲ್ಲಿಯ ನೀರಲ್ಲಿ ಆಗ ಬಂದದ್ದು ಈಗ ಯಾಕೆ ಬರಬಾರದು?

ಭಾನುವಾರ ಬೆಳಿಗ್ಗೆ ಕೆಳಗಿನ ಮಹಡಿಯ ಆದಿಲ್ ಬಂದ. ಉಳ್ಳಾಲದವನು, ಈಜುಕೊಳಗಳ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ. ಕೈಯಲ್ಲಿ ಒಂದು ಸಣ್ಣ ಡಬ್ಬಿ.

"ನಾನು ಬಿಯರ್ ಮುಟ್ಟುದಿಲ್ಲ, ನಿಂಗೆ ಗೊತ್ತುಂಟು. ಆದ್ರೆ ನೀರು ನನ್ನ ಡಿಪಾರ್ಟ್‌ಮೆಂಟ್. ಎಲ್ಲಿ, ನಲ್ಲಿ ಬಿಡು."

ಗಾಜಿನ ಕೊಳವೆಗೆ ನೀರು ಹಿಡಿದು ಹನಿಹನಿಯಾಗಿ ಒಂದು ದ್ರವ ಬಿಡತೊಡಗಿದ. ನೀರು ನೀಲಿಯಾಯಿತು. ನೀಲಿ ಹೋಗಿ ಹಳದಿ ಬರುವವರೆಗೆ ಎಷ್ಟು ಹನಿ ಬೇಕೋ, ನೀರಿನಲ್ಲಿ ಅಷ್ಟು ಸುಣ್ಣ ಕರಗಿದೆ ಎಂದು ಅರ್ಥ. ಹದಿನೈದು ಹನಿ ಬೇಕಾಯಿತು.

"ಕಲ್ಲು ಮಾರಾಯ ಇದು, ನೀರಲ್ಲ," ಅಂದ ಆದಿಲ್. "ಕಪ್ಪು ಬಿಯರಿಗಾದ್ರೆ ಅಡ್ಡಿಲ್ಲ ಅಂತಾರೆ. ನಿನ್ನ ಈ ಹೂವಿನ ಬಿಯರಿಗೆ ಆಗ್ಲಿಕ್ಕಿಲ್ಲ. ಸುಣ್ಣ ಕಹಿಯನ್ನು ಹಿಡ್ಕೊಂಡು ಬಿಡುದೇ ಇಲ್ಲ."

"ಆದ್ರೆ ಮೊದಲು ಬಂದಿತ್ತಲ್ಲ? ಐದು ಸಲ ಬಂದಿತ್ತು. ಇದೇ ನಲ್ಲಿ, ಇದೇ ನೀರು. ನೋಡು ಬೇಕಾದ್ರೆ, ಬುಕ್ಕಲ್ಲಿ ಉಂಟು."

ಆದಿಲ್ ನೋಟ್‌ಬುಕ್ ನೋಡಿದ. "ಸಾಧ್ಯವೇ ಇಲ್ಲ. ನಿನ್ನ ಬುಕ್ ಸುಳ್ಳು ಹೇಳ್ತಾ ಉಂಟು."

"ಬುಕ್ ಬರ್ದದ್ದು ನಾನು ಮಾರಾಯ!"

"ಸರಿ, ಬರ್ದದ್ದು ನೀನು. ನೀರು ತುಂಬಿಸಿದ್ದು ಯಾರು?"

ಯಾದವ ಒಲೆಯ ಕಡೆ ತಿರುಗಿ ನೋಡಿದ. ಬಿಯರ್ ಮಾಡುತ್ತಿದ್ದದ್ದು ಭಾನುವಾರ. ಭಾನುವಾರ ಅವನು ಏಳುವುದು ಒಂಬತ್ತಕ್ಕೆ. ಎದ್ದು ಬರುವಷ್ಟರಲ್ಲಿ ರೆಬೆಕಾ ಪೂಜೆಗೆಂದು ಚರ್ಚಿಗೆ ಹೋಗಿರುತ್ತಿದ್ದಳು, ಒಲೆಯ ಮೇಲೆ ಅವನ ಬಿಯರಿನ ದೊಡ್ಡ ಪಾತ್ರೆ ಹದಿನಾಲ್ಕು ಲೀಟರಿನ ಗುರುತಿನವರೆಗೆ ತುಂಬಿರುತ್ತಿತ್ತು. ಎಷ್ಟು ಒಳ್ಳೆಯ ಹೆಂಡತಿ, ನಲ್ಲಿ ತಿರುಗಿಸಿ ತುಂಬಿಸಿಟ್ಟು ಹೋಗಿದ್ದಾಳೆ ಎಂದುಕೊಂಡು ಒಲೆ ಹಚ್ಚುತ್ತಿದ್ದ.

"ರೆಬೆಕಾ," ಅಂದ.

ಅವನ ಕಣ್ಣು ತಾನಾಗಿ ಅಲ್ಮೇರದ ಮೇಲಕ್ಕೆ ಹೋಯಿತು. ಆದಿಲ್ ಕುರ್ಚಿ ಹತ್ತಿ ಒಂದು ಪಾತ್ರೆ ಇಳಿಸಿದ. ಒಳಗೆ ತಳದಿಂದ ಅರ್ಧದವರೆಗೆ ಬೆಳ್ಳಗೆ, ಗೋಡೆಗೆ ಸುಣ್ಣ ಬಳಿದ ಹಾಗೆ ಪದರ ಕಟ್ಟಿತ್ತು. "ಇದರಲ್ಲಿ ಎಂತ ಮಾಡ್ತಿದ್ರು ಅವ್ರು?"

"ಕುಡಿಯುವ ನೀರು ಕುದಿಸ್ಲಿಕ್ಕೆ. ಅವಳ ತಮ್ಮ ಜೋಶುವಾನಿಗೆ ಸಣ್ಣದಿರುವಾಗ ಕಾಮಾಲೆ ಆಗಿತ್ತಂತೆ. ಅವತ್ತಿಂದ ಅವರ ಮನೆಯಲ್ಲಿ ಹಸಿ ನೀರು ಯಾರೂ ಕುಡಿಲಿಕ್ಕಿಲ್ಲ, ಅವಳಮ್ಮನ ಆರ್ಡರ್. ಇಲ್ಲಿಗೆ ಬಂದ ಮೇಲೂ ಬಿಡ್ಲಿಲ್ಲ. ಸಂಜೆ ಕುದಿಸಿ ಮುಚ್ಚಿಡುದು, ಬೆಳಿಗ್ಗೆ ಮೇಲಿನ ತಿಳಿ ಬಗ್ಗಿಸಿಕೊಳ್ಳುದು, ತಳದ್ದು ಚೆಲ್ಲುದು."

ಆದಿಲ್ ನಗಲಿಲ್ಲ. "ನನ್ನ ಹೆಂಡ್ತಿ ಅಮ್ನಾ ಕೂಡ ಹಾಗೇ ಮಾಡುದು," ಎಂದು ಒಂದು ಸಣ್ಣ ಪಾತ್ರೆಯಲ್ಲಿ ನಲ್ಲಿಯ ನೀರು ಕುದಿಯಲಿಟ್ಟ. ಕುದಿದ ಮೇಲೆ ಸಿಂಕಿನ ತಣ್ಣೀರಿನಲ್ಲಿಟ್ಟು ಆರಿಸಿದರು. ತಳದಲ್ಲಿ ಬಿಳಿ ಹುಡಿ ಕೂತಿತು. ಮೇಲಿನ ತಿಳಿಯನ್ನು ಕೊಳವೆಗೆ ಹಾಕಿ ಆದಿಲ್ ಹನಿ ಬಿಟ್ಟ. ಐದಕ್ಕೇ ಹಳದಿ ಬಂತು.

"ಬಿಯರ್ ಹೇಗೂ ಒಂದು ಗಂಟೆ ಕುದಿಸ್ತೇನಲ್ಲ ನಾನು?" ಅಂದ ಯಾದವ. ಸೋಲೊಪ್ಪಲು ಇನ್ನೂ ಮನಸ್ಸಿರಲಿಲ್ಲ.

"ಅದು ಮಾಲ್ಟ್ ಸೇರಿದ ಮೇಲೆ. ಸುಣ್ಣ ಅದಕ್ಕಿಂತ ಮೊದಲೇ ಹೋಗ್ಬೇಕು. ನಿನ್ನ ಹೆಂಡ್ತಿ ಅದನ್ನು ಪಾತ್ರೆಯ ತಳದಲ್ಲೇ ಬಿಟ್ಟು ನಿಂಗೆ ನೀರು ಮಾತ್ರ ಕೊಟ್ಟದ್ದು." ಆದಿಲ್ ಡಬ್ಬಿ ಮುಚ್ಚಿದ. "ನೀನು ಬರ್ಕೊಂಡದ್ದು ನಲ್ಲಿ ಅಂತ."

ಅವನು ಹೋದ ಮೇಲೆ ಯಾದವ ಆ ಪಾತ್ರೆಯನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ. ಈ ಬಿಳಿ ಪದರ ನೋಡಿ ಅವನು ಎಷ್ಟು ಸಲ ಬೈದಿರಲಿಲ್ಲ! ಕಾಲ್ಕ್, ಕಾಲ್ಕ್ ಎಂದು, ಸುಣ್ಣಕ್ಕೆ ಜರ್ಮನರು ಹೇಳುವ ಮಾತಿನಲ್ಲೇ ಬೈಯುತ್ತಿದ್ದ. ನೀರಿನ ಇಲಾಖೆಯ ರಿಪೋರ್ಟನ್ನು ಪ್ರಿಂಟ್ ಮಾಡಿ ಫ್ರಿಜ್ಜಿಗೆ ಅಂಟಿಸಿದ್ದ, ನೋಡು, ಒಂದು ಕ್ರಿಮಿಯೂ ಇಲ್ಲ ಎಂದು. ಹದಿನಾಲ್ಕು ಲೀಟರ್ ತಿಳಿ ನೀರಿಗೆ ಎರಡೂ ಪಾತ್ರೆ ಒಲೆಗೇರಬೇಕು. ಶನಿವಾರ ಸಂಜೆ ಅವನು ಸೋಫಾದಲ್ಲಿ ಫುಟ್‌ಬಾಲ್ ನೋಡುತ್ತಿದ್ದಾಗ ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದು ಅವನ ಕಿವಿಗೂ ಬಿದ್ದಿತ್ತು. ಟಿವಿಯ ವಾಲ್ಯೂಮ್ ಜಾಸ್ತಿ ಮಾಡಿದ್ದು ಈಗ ನೆನಪಾಯಿತು.

ಇನ್ನೊಂದೂ ನೆನಪಾಯಿತು. ಅವಳು ಹೋಗುವುದಕ್ಕೆ ಎರಡು ತಿಂಗಳ ಹಿಂದಿನ ಮಾತು. ಆಫೀಸಿನ ಮೂವರನ್ನು ಊಟಕ್ಕೆ ಕರೆದಿದ್ದ. ಬಿಯರ್ ಕುಡಿದು ಬಾಯಿ ಚಪ್ಪರಿಸಿದ ಒಬ್ಬಾತ ಇದರ ಗುಟ್ಟೇನು ಎಂದು ಕೇಳಿದ. ಯಾದವ ಉಬ್ಬಿಹೋಗಿ, ನಿಮ್ಮ ಊರಿನ ನಲ್ಲಿಯ ನೀರೇ ಗುಟ್ಟು ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಹೆಂಡತಿಗೆ ಮಾತ್ರ ಆರು ವರ್ಷವಾದರೂ ಆ ನಲ್ಲಿಯ ಮೇಲೆ ನಂಬಿಕೆ ಬಂದಿಲ್ಲ ಎಂದು, ರೆಬೆಕಾ ಮೇಜಿನ ಮೇಲೆ ತಂದಿಟ್ಟಿದ್ದ ನೀರಿನ ಜಗ್ ಎತ್ತಿ ಸಿಂಕಿಗೆ ಸುರಿದು, ನಲ್ಲಿಯಿಂದ ತುಂಬಿಸಿ ತಂದಿಟ್ಟ. ಎಲ್ಲರೂ ನಕ್ಕರು. ರೆಬೆಕಾ ಕೂಡ ನಕ್ಕಳು. ಅವಳು ನಕ್ಕದ್ದರಿಂದ ಅದು ತಮಾಷೆಯೇ ಎಂದು ಅವನು ಮರೆತುಬಿಟ್ಟಿದ್ದ.

ಯಾದವ ಫೋನ್ ಎತ್ತಿಕೊಂಡ.

"ರೆಬೆಕಾ, ಒಂದು ಕೇಳ್ಲಿಕ್ಕುಂಟು. ಆಗ ನಾನು ಬಿಯರ್ ಮಾಡುವಾಗ ಪಾತ್ರೆಗೆ ನೀನು ಯಾವ ನೀರು ಹಾಕ್ತಿದ್ದದ್ದು?"

"ಕುದಿಸಿದ್ದು," ಅಂದಳು ಅವಳು. "ಮತ್ತೆಂತ, ಕುಡಿಯುವ ವಸ್ತುವಿಗೆ ಹಸಿ ನೀರು ಹಾಕುದಾ? ಯಾಕೆ ಈಗ?"

"ನಂಗೆ ಗೊತ್ತೇ ಇರ್ಲಿಲ್ಲ."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು.

"ನಿಂಗೆ ಗೊತ್ತುಂಟು ಅಂತ ಎಣಿಸಿದ್ದೆ ನಾನು," ಅಂದಳು ರೆಬೆಕಾ ನಿಧಾನವಾಗಿ. "ಗೊತ್ತಿದ್ದೂ ಅವತ್ತು ಅವರೆದುರು ಹಾಗೆ ಹೇಳಿದ್ದು ಅಂತ ಎಣಿಸಿದ್ದೆ."

"ಇಲ್ಲ ಮಾರಾಯ್ತಿ, ಆಣೆ ಮಾಡ್ತೇನೆ. ಗೊತ್ತಿಲ್ಲದೆ ಹೇಳಿದ್ದು."

"ಹೌದಾ," ಅಂದಳು. "ಎರಡೂವರೆ ವರ್ಷದಲ್ಲಿ ಒಂದು ಸಲವೂ ಕಾಣ್ಲಿಲ್ವಾ ನಿಂಗೆ?"

ಗೊತ್ತಿದ್ದು ಅಂದದ್ದಲ್ಲ ಎಂದರೆ ತಪ್ಪು ಸಣ್ಣದಾಗುತ್ತದೆ ಎಂದುಕೊಂಡಿದ್ದ ಯಾದವ. ಈಗ ನೋಡಿದರೆ ಅದು ದೊಡ್ಡದಾಗಿತ್ತು. ಅವನಿಗೆ ಅಳು ಬಂತು. "ಕಾಣ್ಲಿಲ್ಲ," ಅಂದ. "ತಪ್ಪಾಯ್ತು." ಹಬ್ಬಕ್ಕೆ ಬರುತ್ತೇನೆ ಎಂದಷ್ಟೇ ಹೇಳಿ ಅವಳು ಫೋನಿಟ್ಟಳು.

ಮುಂದಿನ ಶನಿವಾರ ಸಂಜೆ ಅವನು ಎರಡೂ ಪಾತ್ರೆಗಳನ್ನು ಒಲೆಗೇರಿಸಿದ. ಅಷ್ಟು ನೀರು ಕುದಿ ಬರಲು ಎಷ್ಟು ಹೊತ್ತು ಬೇಕೆಂದು ಅವನಿಗೆ ಅಂದೇ ತಿಳಿದದ್ದು. ಅಡುಗೆಮನೆಯ ಕಿಟಕಿಯೆಲ್ಲ ಬೆವರಿತು. ಭಾನುವಾರ ಅಲಾರಂ ಇಟ್ಟು ಆರು ಗಂಟೆಗೆ ಎದ್ದು, ತಳ ಕದಡದ ಹಾಗೆ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದ. ಮೊದಲ ಪಾತ್ರೆಯಲ್ಲಿ ಕೈ ತಪ್ಪಿ ಬಿಳಿ ಹುಡಿಯೆಲ್ಲ ಮೇಲೆದ್ದಿತು. ಅದು ಮತ್ತೆ ಕೂರುವವರೆಗೆ ಗಂಟೆಗಟ್ಟಲೆ ಕಾದ. ಅವಳು ಇಷ್ಟನ್ನೂ ಸೀರೆಯೋ ಡ್ರೆಸ್ಸೋ ಹಾಕಿಕೊಂಡು, ಸದ್ದಾದರೆ ಇವನಿಗೆ ಎಚ್ಚರವಾದೀತೆಂದು ಮೆಲ್ಲಗೆ ಮಾಡಿ, ಎಂಟು ಗಂಟೆಯ ಪೂಜೆಗೆ ಓಡುತ್ತಿದ್ದಳು. ನೀರಿಗೆ ಈ ಸಲ ಒಂದು ಚಿಟಿಕೆ ಜಿಪ್ಸಮ್ ಮಾತ್ರ ಹಾಕಿದ, ಆಸಿಡ್ ಬಾಟಲಿಯನ್ನು ಮುಟ್ಟಲಿಲ್ಲ. ನೋಟ್‌ಬುಕ್ಕಿನ ಹಳೆಯ ಐದು ಪುಟಗಳಲ್ಲೂ "ನಲ್ಲಿಯದು" ಎಂಬುದನ್ನು ಹೊಡೆದುಹಾಕಿ "ರೆಬೆಕಾ ಕುದಿಸಿದ್ದು" ಎಂದು ಬರೆದ.

ಐದು ವಾರ ಅವಳದೇ ಧ್ಯಾನ. ಕೆಳಗಿನ ಕೆಲ್ಲರ್ ಎಂಬ ನೆಲಮಾಳಿಗೆಯ ತಂಪಿನಲ್ಲಿ ಬಾಟಲಿಗಳು ಸಾಲಾಗಿ ಕೂತಿದ್ದವು. ಆಫೀಸಿಂದ ಬಂದವನೇ ಇಳಿದು ಹೋಗಿ ಅವನ್ನು ನೋಡಿ ಬರುವುದು ಅವನ ನಿತ್ಯದ ಕೆಲಸವಾಯಿತು. ಅವಳ ನಡಿಗೆಯ ಸದ್ದು, ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಗೋಡೆಗೆ ಕೈಯೂರುವ ರೀತಿ, ಸೊಪ್ಪು ಹೆಚ್ಚುತ್ತ ಕೊಂಕಣಿಯಲ್ಲಿ ತನ್ನಷ್ಟಕ್ಕೇ ಗೊಣಗುವುದು, ಎಲ್ಲ ಬೇಕೆನಿಸಿತು. ಹಾಸಿಗೆಯಲ್ಲಿ ಅವಳ ಬದಿಗೆ ಅವನು ಇಂದಿಗೂ ಹೊರಳುತ್ತಿರಲಿಲ್ಲ.

ಹಬ್ಬದ ಭಾನುವಾರ ಮೂರು ಗಂಟೆಗೆ ರೆಬೆಕಾ ಬಂದಳು. ಕೈಯಲ್ಲಿ ಹಬ್ಬದ ಊಟದ ಡಬ್ಬಿ. ಗೋಡೆಗೆ ಕೈಯೂರಿ ಚಪ್ಪಲಿ ಬಿಟ್ಟಳು. ಸ್ವಲ್ಪ ತೆಳ್ಳಗಾಗಿದ್ದಳು, ಕೂದಲು ಗಿಡ್ಡ ಮಾಡಿಸಿದ್ದಳು. ಯಾದವ ಬಿಯರ್ ತರಲಿಲ್ಲ. ಮೊದಲು ಒಂದು ಲೋಟ ನೀರು ತಂದು ಕೊಟ್ಟ.

ಅವಳು ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. "ಕುದಿಸಿದ್ದಾ?"

"ನಿನ್ನೆ ಸಂಜೆ."

ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. ಆಮೇಲೆ ಅವನು ಬಾಟಲಿ ತಂದು ಮುಚ್ಚಳ ತೆಗೆದ. ಮೂಗು ಹತ್ತಿರ ಒಯ್ಯುವ ಮೊದಲೇ ಪರಿಮಳ ಅವಳನ್ನು ಮುಟ್ಟಿತು, ಕಣ್ಣು ಮುಚ್ಚಿದಳು. ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು.

"ಅದೇ," ಅಂದಳು. "ಚಕ್ಕೋತ." ಅವಳ ಕಣ್ಣಲ್ಲಿ ನೀರಿತ್ತು. "ಯಾದವ, ನಾನು ಬುಧವಾರ ಸೈನ್ ಹಾಕಿದೆ."

ಬುಧವಾರ ಅವನು ಕೆಲ್ಲರಿನಲ್ಲಿ ಒಂದು ಬಾಟಲಿ ತೆರೆದು ರುಚಿ ನೋಡಿ, ಗೆದ್ದೆ ಎಂದು ಒಬ್ಬನೇ ಕುಣಿದಿದ್ದ.

"ನಿನ್ನ ಮೇಲಿನ ಸಿಟ್ಟಿಗಲ್ಲ," ಅಂದಳು ಅವಳು. "ಸಿಟ್ಟು ಅವತ್ತು ಫೋನಿನಲ್ಲೇ ಹೋಯ್ತು. ನಂಗೆ ಅಲ್ಲಿಯ ಕೆಲಸ ಇಷ್ಟ. ಅಲ್ಲಿ ನಾನು ಮಾಡಿದ್ದು ಎಲ್ರಿಗೂ ಕಾಣ್ತದೆ." ಹೇಳಿ, ತಾನೇ ಹೇಳಿದ್ದು ಖಾರವಾಯಿತೇನೋ ಎಂಬಂತೆ ಅವನ ಕೈ ಮೇಲೆ ಕೈಯಿಟ್ಟಳು. ಇಬ್ಬರೂ ಹಬ್ಬದ ಅನ್ನವನ್ನು ಒಂದೇ ತಟ್ಟೆಯಲ್ಲಿ ಉಂಡರು.

ಹೊರಡುವ ಹೊತ್ತಿಗೆ ಅವಳು ಅಲ್ಮೇರದ ಮೇಲೆ ನೋಡಿದಳು. "ಪಾತ್ರೆ ಒಂದು ಕೊಂಡು ಹೋಗ್ತೇನೆ ಆಯ್ತಾ? ಅಲ್ಲಿಯ ನೀರೂ ಇಷ್ಟೇ ಗಡಸು. ಸಣ್ಣದ್ರಲ್ಲಿ ಸಾಕಾಗುದಿಲ್ಲ."

ಯಾದವ ಹದಿನೇಳು ತಿಂಗಳಿಂದ ದಿನಾ ನೋಡಿಕೊಂಡಿದ್ದ ಪಾತ್ರೆ. ಕುರ್ಚಿ ಹತ್ತಿ ಇಳಿಸಿ ಕೊಟ್ಟ. ಒಳಗಿನ ಬಿಳಿಯನ್ನು ಉಜ್ಜಿರಲಿಲ್ಲ. ನಾಲ್ಕು ಬಾಟಲಿ ಬಿಯರನ್ನು ಟವೆಲಿನಲ್ಲಿ ಸುತ್ತಿ ಅದರೊಳಗಿಟ್ಟ.

"ಇನ್ನೊಂದು?" ಅಂದ.

"ಅದು ನಿಂಗಿರ್ಲಿ."

ಹೌಪ್ಟ್‌ಬಾನ್‌ಹೋಫ್‌ನಲ್ಲಿ, ಅಂದರೆ ಮುಖ್ಯ ರೈಲು ನಿಲ್ದಾಣದಲ್ಲಿ, ರೈಲು ಮೊದಲೇ ಬಂದು ನಿಂತಿತ್ತು. ಅವಳು ಕಿಟಕಿಯ ಬದಿ ಕೂತು ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಎದುರು ಸೀಟಿನ ಜರ್ಮನ್ ಅಜ್ಜಿ ಬೆರಗಾಗಿ ನೋಡಿದಳು. ಹೊರಡಲು ಐದು ನಿಮಿಷವಿದ್ದಾಗ ರೆಬೆಕಾ ಎದ್ದು ಬಾಗಿಲಿಗೆ ಬಂದಳು.

"ಖಾಲಿ ಬಾಟಲಿ ವಾಪಸ್ ಬೇಕಲ್ಲ ನಿಂಗೆ?" ತನ್ನ ಬಿಯರ್ ಪಡೆದವರಿಂದೆಲ್ಲ ಬಾಟಲಿ ವಾಪಸ್ ವಸೂಲು ಮಾಡುವುದು ಅವನ ಹಳೆಯ ಕಟ್ಟುನಿಟ್ಟು. ಅದಕ್ಕೆ ಅವಳು ಎಷ್ಟೋ ಸಲ ನಕ್ಕಿದ್ದಳು. "ಮುಂದಿನ ಸಲ ಬರುವಾಗ ತರ್ತೇನೆ."

"ಬೇಡ," ಅಂದ ಯಾದವ. "ನಾನೇ ಬಂದು ತಗೊಂಡು ಹೋಗ್ತೇನೆ."

ರೆಬೆಕಾ ಅವನನ್ನೇ ನೋಡಿದಳು. ಹದಿನೇಳು ತಿಂಗಳಲ್ಲಿ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ.

"ಬಾ," ಅಂದಳು. "ಆದಿತ್ಯವಾರ ಬೆಳಿಗ್ಗೆ ಬೇಡ, ಪೂಜೆಗೆ ಹೋಗಿರ್ತೇನೆ. ಶನಿವಾರವೇ ಬಾ. ಸಂಜೆ ನೀರು ಕುದಿಸುವಷ್ಟರಲ್ಲಿ."

ರೈಲು ಹೋಯಿತು. ಯಾದವ ಎಸ್-ಬಾನ್ ಎಂಬ ಲೋಕಲ್ ರೈಲು ಹಿಡಿದು ಮನೆಗೆ ಬಂದ. ಹೊರಗೆ ಇನ್ನೂ ಬೆಳಕಿತ್ತು. ಅವಳು ಕುಡಿದಿಟ್ಟ ಲೋಟ ಮೇಜಿನ ಮೇಲೇ ಇತ್ತು, ಅದನ್ನು ತೊಳೆಯಲಿಲ್ಲ. ಉಳಿದ ಪಾತ್ರೆಯನ್ನು ಇಳಿಸಿ, ಒಬ್ಬನಿಗೆ ಅಷ್ಟು ಬೇಡವೆಂದು ಗೊತ್ತಿದ್ದರೂ ಕಂಠದವರೆಗೆ ನೀರು ತುಂಬಿಸಿ ಒಲೆಗಿಟ್ಟ. ಟಿವಿ ಹಾಕಲಿಲ್ಲ. ಕುರ್ಚಿ ಎಳೆದುಕೊಂಡು ಒಲೆಯ ಪಕ್ಕದಲ್ಲೇ ಕೂತು, ನೀರು ಕುದಿಯುವ ಸದ್ದನ್ನು ಕೇಳಿದ.